ಲಗ್ನಪತ್ರಿಕೆ ನುಂಗಿದ ಫಿಲ್ಟರು

ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್‌ಗೆ ನಾನು ಸೇರಿದ್ದು ಡಿಟಿಪಿ ಕೆಲಸಕ್ಕೆ. ಆದರೆ ಸಣ್ಣ ಆಫೀಸುಗಳ ಕಥೆ ಗೊತ್ತಲ್ಲ, ಕಂಪ್ಯೂಟರ್ ಬರುತ್ತದೆ ಅಂದರೆ ಮುಗಿಯಿತು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನೀವೇ, ವೈಫೈ ಹೋದರೂ ನೀವೇ, ಸಿಸಿ ಕ್ಯಾಮೆರಾ ಕುರುಡಾದರೂ ನೀವೇ. ಹಾಗೇ ಮೇಲ್ ಸರ್ವರ್ ಕೂಡ ನನ್ನ ಕೊರಳಿಗೆ ಬಿತ್ತು. ಯಾರೋ ಹಳಬರು ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಗಿಸುವ ಸಾಫ್ಟ್‌ವೇರ್ ಹಾಕಿ ಎದ್ದುಹೋಗಿದ್ದರು. ಒಟ್ಟು ಒಂಬತ್ತು ಮೇಲ್‌ಬಾಕ್ಸ್. ಫಿಲ್ಟರ್ ಅನ್ನುವುದು ಒಂದೂ ಇರಲಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಸ್ಪ್ಯಾಮ್ ಬರುತ್ತಿತ್ತು, ಎಲ್ಲರೂ ಬೆಳಗ್ಗೆ ಚಹಾ ಕುಡಿಯುತ್ತಾ ಅಳಿಸುತ್ತಿದ್ದರು. ಅದೊಂದು ಅಂಗಳ ಗುಡಿಸುವ ಕೆಲಸದ ಹಾಗೆ ಆಗಿಬಿಟ್ಟಿತ್ತು.

ಒಂದು ದಿನ ನಮ್ಮ ಲೆಕ್ಕದವರಿಗೆ ಒಂದು ಮೇಲ್ ಬಂತು. ಜಿಎಸ್‌ಟಿ ನೋಟಿಸ್ ಅಂತ ಹೆಸರು, ಜೊತೆಗೆ ಒಂದು ಜಿಪ್ ಫೈಲು. ಮಾರ್ಚ್ ತಿಂಗಳು ಬೇರೆ. ಗಾಬರಿಯಲ್ಲಿ ತೆರೆದರು. ಏನೂ ಆಗಲಿಲ್ಲ ಅಂದುಕೊಂಡು ಸುಮ್ಮನಾದರು. ಆಗಿತ್ತು. ಅವರ ಮೇಲ್ ಪಾಸ್‌ವರ್ಡ್ ಆಚೆ ಹೋಗಿತ್ತು. ಎರಡು ದಿನದ ನಂತರ ರಾತ್ರಿ ಹನ್ನೊಂದಕ್ಕೆ ನಾನು ಸರ್ವರಿಗೆ ಲಾಗಿನ್ ಆಗಿ ನೋಡಿದರೆ, ಕ್ಯೂನಲ್ಲಿ, ಅಂದರೆ ಹೋಗಲು ಕಾದಿರುವ ಸಾಲಿನಲ್ಲಿ, ಹದಿನಾಲ್ಕು ಸಾವಿರ ಮೇಲ್ ಕೂತಿದ್ದವು. ಎಲ್ಲಾ ನಮ್ಮ ಹೆಸರಿನಲ್ಲಿ, ಯಾವುದೋ ದೇಶದವರಿಗೆ ಯಾವುದೋ ಔಷಧಿ ಮಾರುತ್ತಿದ್ದವು. ಪಾಸ್‌ವರ್ಡ್ ಬದಲಿಸಿದೆ, ಕ್ಯೂ ಪೂರ್ತಿ ಖಾಲಿ ಮಾಡಿದೆ. ಆದರೆ ಅಷ್ಟರಲ್ಲಿ ನಮ್ಮ ಸರ್ವರಿನ ಐಪಿ ವಿಳಾಸ ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿ ಸೇರಿತ್ತು. ಎರಡು ದಿನ ನಾವು ಕಳಿಸಿದ ಒಂದು ಕೊಟೇಶನ್ನೂ ಯಾರಿಗೂ ಮುಟ್ಟಲಿಲ್ಲ.

ಮಾಲೀಕರು ಬೈಯಲಿಲ್ಲ. "ಇನ್ನ ಮ್ಯಾಲೆ ಹಿಂಗ ಆಗದಂಗ ಏನರ ಮಾಡ್ರಿ" ಅಂದರು. ಅದು ಬೈಗುಳಕ್ಕಿಂತ ಭಾರ.

ಹೊಸ ಸರ್ವರ್ ತಗೊಂಡೆ. ಬಾಡಿಗೆಯದು, 2 ಜಿಬಿ ರ್‍ಯಾಮ್. ಅದಕ್ಕೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದೆ. ಪೋಸ್ಟ್‌ಫಿಕ್ಸ್ ಹಾಗೇ ಉಳಿಸಿಕೊಂಡೆ. ವೀಟ್ಸೆ ವೆನೆಮಾ ಐಬಿಎಮ್‌ನಲ್ಲಿದ್ದಾಗ ಬರೆದು 1998ರಲ್ಲಿ ಹೊರಗೆ ಬಿಟ್ಟ ಸಾಫ್ಟ್‌ವೇರ್ ಅದು, ಇವತ್ತಿಗೂ ಗಟ್ಟಿಮುಟ್ಟಾಗಿದೆ. ಅದರ ಮುಂದೆ ಕಾವಲಿಗೆ ಪೋಸ್ಟ್‌ಸ್ಕ್ರೀನ್, ಹಿಂದೆ ಅಮಾವಿಸ್, ಅಮಾವಿಸ್‌ನ ಎಡಬಲಕ್ಕೆ ಸ್ಪ್ಯಾಮ್ ಗುರುತಿಸುವ ಸ್ಪ್ಯಾಮ್‌ಅಸಾಸಿನ್ ಮತ್ತು ವೈರಸ್ ಹುಡುಕುವ ಕ್ಲಾಮ್‌ಎವಿ. ಈಗ ಹೊಸದಾಗಿ ಮಾಡುವವರು ಆರ್‌ಸ್ಪ್ಯಾಮ್‌ಡಿ ಹಾಕುತ್ತಾರೆ, ಅದು ಹಗುರ, ವೇಗ. ನನಗೆ ಹಳೆಯ ದಾರಿಯೇ ಸ್ವಲ್ಪ ಗೊತ್ತಿತ್ತು, ಅದಕ್ಕೇ ಅದನ್ನೇ ಹಿಡಿದೆ.

ಪೋಸ್ಟ್‌ಸ್ಕ್ರೀನ್ ನನಗೆ ತುಂಬಾ ಇಷ್ಟವಾದ ಭಾಗ. ಮೇಲ್ ತಂದವನು ಬಾಗಿಲು ಬಡಿದಾಗ ಇದು "ಬಂದೆ" ಅಂತ ಅರ್ಧ ಮಾತು ಆಡಿ 6 ಸೆಕೆಂಡ್ ಸುಮ್ಮನಾಗುತ್ತದೆ. ನಿಜವಾದ ಮೇಲ್ ಸರ್ವರ್ ಮರ್ಯಾದೆಯಿಂದ ಕಾಯುತ್ತದೆ. ಸ್ಪ್ಯಾಮ್ ಕಳಿಸುವ ಬಾಟ್‌ಗೆ ಅಷ್ಟು ಪುರುಸೊತ್ತು ಎಲ್ಲಿದೆ? ಅದು ಪೂರ್ತಿ ಮಾತು ಕೇಳದೆ ತನ್ನ ಪುರಾಣ ಶುರುಮಾಡುತ್ತದೆ. ಅಲ್ಲೇ ಸಿಕ್ಕಿಬೀಳುತ್ತದೆ. ಒಂದು ಮೇಲನ್ನೂ ಓದದೆ, ಒಂದು ಅಕ್ಷರವನ್ನೂ ಸ್ಕ್ಯಾನ್ ಮಾಡದೆ ಕಳ್ಳನನ್ನು ಗುರುತಿಸುವ ಉಪಾಯ. ಆದರೆ ಇದನ್ನು ಹಾಕಿದ ಮಾತ್ರಕ್ಕೆ ತಡೆಯುವುದಿಲ್ಲ. ಮೊದಲಿಗೆ ಅದು ನೋಡಿ ಲಾಗ್‌ನಲ್ಲಿ ಬರೆದಿಡುತ್ತದೆ ಅಷ್ಟೇ, ತಡೆ ಅಂತ ನಾವು ಹೇಳಬೇಕು. ಒಂದು ವಾರ ಬರೀ ಲಾಗ್ ಓದಿದೆ, ಆಮೇಲೆ ಹೇಳಿದೆ. ಅರ್ಧಕ್ಕರ್ಧ ಕಸ ಗೇಟಿನಲ್ಲೇ ನಿಂತಿತು.

ಆ ಖುಷಿಯಲ್ಲಿ ಒಂದು ಎಡವಟ್ಟು ಮಾಡಿದೆ. ಒಂದು ಹೆಸರಾಂತ ಕಪ್ಪುಪಟ್ಟಿಯನ್ನು ಕೇಳಿ ನೋಡಿ ಬಿಡು ಅಂತ ಪೋಸ್ಟ್‌ಫಿಕ್ಸ್‌ಗೆ ಒಂದು ಸಾಲು ಸೇರಿಸಿದೆ. ಈ ಪಟ್ಟಿಗಳು ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೂಲಕ ಉತ್ತರ ಕೊಡುತ್ತವೆ. ಐಪಿ ಪಟ್ಟಿಯಲ್ಲಿದ್ದರೆ 127.0.0 ಅಂತ ಶುರುವಾಗುವ ಒಂದು ವಿಳಾಸ ಬರುತ್ತದೆ, ಇಲ್ಲದಿದ್ದರೆ ಏನೂ ಬರುವುದಿಲ್ಲ. ನನ್ನ ಸರ್ವರು ಡಿಎನ್‌ಎಸ್‌ಗೆ ಎಲ್ಲರೂ ಬಳಸುವ ಸಾರ್ವಜನಿಕ ರಿಸಾಲ್ವರನ್ನು, ಅಂದರೆ ಆ ಹುಡುಕಾಟ ಮಾಡಿಕೊಡುವ ಸರ್ವರನ್ನು, ಕೇಳುತ್ತಿತ್ತು. ಅಂಥ ಕಡೆಯಿಂದ ಬಂದ ಪ್ರಶ್ನೆಗೆ ಪಟ್ಟಿಯವರು ಉತ್ತರ ಕೊಡುವುದಿಲ್ಲ. ಅದರ ಬದಲು "ನೀನು ಕೇಳುವ ದಾರಿ ತಪ್ಪು" ಅನ್ನುವ ಅರ್ಥದಲ್ಲಿ 127.255.255.254 ಅಂತ ಕಳಿಸುತ್ತಾರೆ. ನನ್ನ ಪೋಸ್ಟ್‌ಫಿಕ್ಸ್‌ಗೆ ಈ ಸೂಕ್ಷ್ಮ ಎಲ್ಲಿಂದ ತಿಳಿಯಬೇಕು? ಏನೋ ಒಂದು ಉತ್ತರ ಬಂತಲ್ಲ, ಹಾಗಾದರೆ ಇವನು ಕಳ್ಳನೇ ಅಂತ ತೀರ್ಮಾನಿಸಿತು. ಭಾನುವಾರ ಸಂಜೆ ಆರರಿಂದ ಸೋಮವಾರ ಬೆಳಗ್ಗೆ ಒಂಬತ್ತರವರೆಗೆ ಬಂದ ಪ್ರತಿಯೊಂದು ಮೇಲನ್ನೂ ತಳ್ಳಿಹಾಕಿತು. ಪ್ರತಿಯೊಂದನ್ನೂ!

ಸೋಮವಾರ ಎಲ್ಲರೂ "ಇವತ್ತು ಒಂದೂ ಸ್ಪ್ಯಾಮ್ ಇಲ್ಲ, ಭಾರೀ ಚಲೋ ಆಗೇತಿ" ಅಂದರು. ಒಂದು ಗಂಟೆ ನಾನೂ ಬೀಗಿದೆ.

ಈ ನಿಯಮ ಪಟ್ಟಿಯವರ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದದೇ ಇದ್ದದ್ದು ನಾನು. ಸರ್ವರಿನಲ್ಲೇ ಅನ್‌ಬೌಂಡ್ ಅನ್ನುವ ಸ್ವಂತ ರಿಸಾಲ್ವರ್ ಹಾಕಿಕೊಂಡೆ. ಯಾವ ಉತ್ತರ ಬಂದರೆ ಮಾತ್ರ ತಡೆಯಬೇಕು ಅಂತ ಸಾಲಿನಲ್ಲೇ ಬರೆದೆ. ಸರಿಹೋಯಿತು.

ಮುಂದೆ ಅಮಾವಿಸ್. ಇದು ಸ್ವತಃ ವೈರಸ್ಸನ್ನಾಗಲಿ ಸ್ಪ್ಯಾಮನ್ನಾಗಲಿ ಗುರುತಿಸುವುದಿಲ್ಲ. ಪೋಸ್ಟ್‌ಫಿಕ್ಸ್ ಮೇಲನ್ನು 10024ನೇ ಪೋರ್ಟಿನಲ್ಲಿ ಇದರ ಕೈಗೆ ಕೊಡುತ್ತದೆ. ಇದು ಪೊಟ್ಟಣ ಬಿಚ್ಚಿ, ಒಳಗಿನ ಜಿಪ್ಪನ್ನೂ ಬಿಚ್ಚಿ, ಒಂದೊಂದನ್ನೂ ಪರೀಕ್ಷೆಯವರಿಗೆ ತೋರಿಸಿ, ಪಾಸಾದರೆ 10025ರಲ್ಲಿ ಪೋಸ್ಟ್‌ಫಿಕ್ಸ್‌ಗೆ ವಾಪಸ್ ಕೊಡುತ್ತದೆ. ಆ ವಾಪಸ್ ಬರುವ ಬಾಗಿಲಲ್ಲಿ "ಇನ್ನು ಫಿಲ್ಟರ್ ಬೇಡ" ಅಂತ ಬರೆಯಬೇಕು. ನಾನು ಮರೆತೆ. ಮೇಲ್ ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ರಂಕಲರಾಟೆ ಸುತ್ತಿದ ಹಾಗೆ. ಪೋಸ್ಟ್‌ಫಿಕ್ಸ್‌ನಲ್ಲಿ 50 ಸುತ್ತಿನ ಮಿತಿ ಇರುವುದರಿಂದ ಅದು ಕೊನೆಗೆ ಸುಸ್ತಾಗಿ ನಿಂತಿತು. ಒಂದು ಪದ ಸೇರಿಸಿದ ಮೇಲೆ ನೆಟ್ಟಗಾಯಿತು.

ಈಗ ಪರೀಕ್ಷೆ. ವೈರಸ್ ಫಿಲ್ಟರ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ನಿಜವಾದ ವೈರಸ್ ಬೇಕಿಲ್ಲ. ಐಕಾರ್ ಅನ್ನುವ ಒಂದು ಸಾಲು ಇದೆ, 68 ಅಕ್ಷರ. ಅದರಿಂದ ಯಾವ ಅಪಾಯವೂ ಇಲ್ಲ, ಆದರೆ ಅದನ್ನು ಕಂಡರೆ ವೈರಸ್ ಅಂತ ಕೂಗಬೇಕು ಅಂತ ಆ್ಯಂಟಿವೈರಸ್‌ನವರೆಲ್ಲ ಒಪ್ಪಿಕೊಂಡಿದ್ದಾರೆ. ಸ್ಪ್ಯಾಮಿಗೂ ಹೀಗೇ ಒಂದಿದೆ, ಜಿಟ್ಯೂಬ್ ಅಂತ. ಎಣಿಸಿ ನೋಡಿದೆ, ಅದೂ 68 ಅಕ್ಷರ. ಅದು ಕಂಡರೆ ಸ್ಪ್ಯಾಮ್‌ಅಸಾಸಿನ್ ಸೀದಾ 1000 ಅಂಕ ಹಾಕುತ್ತದೆ. ಇಲ್ಲಿ ಅಂಕ ಜಾಸ್ತಿಯಾದಷ್ಟೂ ಅನುಮಾನ ಜಾಸ್ತಿ.

ಐಕಾರ್ ಸಾಲನ್ನು ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದೆ. ನನ್ನ ಕಂಪ್ಯೂಟರಿನ ಆ್ಯಂಟಿವೈರಸ್ ಆ ಫೈಲನ್ನು ಕಣ್ಣೆದುರಿಗೇ ಮಾಯ ಮಾಡಿತು. ಮತ್ತೆ ಬರೆದೆ, ಮತ್ತೆ ಮಾಯ. ಕೊನೆಗೆ ಸರ್ವರಿನಿಂದಲೇ ಸ್ವಾಕ್ಸ್ ಅನ್ನುವ ಉಪಕರಣದಲ್ಲಿ ಕಳಿಸಿದೆ. ಮೇಲ್ ಠೀವಿಯಿಂದ ನನ್ನ ಇನ್‌ಬಾಕ್ಸಿಗೆ ಬಂದು ಕೂತಿತು! ಜಿಟ್ಯೂಬ್ ಕಳಿಸಿದೆ, ಅದೂ ಬಂತು. ಎರಡು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಸಿಕ್ಕಿತು ಕಾರಣ. ಡೆಬಿಯನ್‌ನಲ್ಲಿ ಅಮಾವಿಸ್ ಬರುವಾಗ ವೈರಸ್ ಮತ್ತು ಸ್ಪ್ಯಾಮ್ ಪರೀಕ್ಷೆ ಎರಡೂ ಆಫ್ ಆಗಿಯೇ ಬರುತ್ತವೆ. ಒಂದು ಫೈಲಿನಲ್ಲಿ ನಾಲ್ಕು ಸಾಲಿನ ಮುಂದಿರುವ ಗುರುತು ಅಳಿಸಬೇಕು. ಅಂದರೆ ಎರಡು ದಿನದಿಂದ ನನ್ನ ಅಮಾವಿಸ್ ಪೊಟ್ಟಣ ಬಿಚ್ಚಿ, ನೋಡದೆ ಮತ್ತೆ ಕಟ್ಟಿ ಕೊಡುತ್ತಿತ್ತು. ಐಕಾರ್ ಕಳಿಸಿ ನೋಡದಿದ್ದರೆ ಇವತ್ತಿಗೂ ಹಾಗೇ ಇರುತ್ತಿತ್ತೇನೋ.

ಸಾಲು ಬಿಚ್ಚಿದೆ. ಐಕಾರ್ ಸಿಕ್ಕಿಬಿತ್ತು. ಅವತ್ತು ಮಿರ್ಚಿ ಭಜಿ ತರಿಸಿದೆ.

ಮರುದಿನ ಮಧ್ಯಾಹ್ನ ಮೇಲ್ ಬರುವುದು ನಿಂತಿತು. ಲಾಗ್ ತೆರೆದರೆ "ಆಲ್ ವೈರಸ್ ಸ್ಕ್ಯಾನರ್ಸ್ ಫೇಲ್ಡ್" ಅಂತ ಸಾಲು ಸಾಲು. ಕ್ಲಾಮ್‌ಎವಿ ಸತ್ತಿತ್ತು. ಕೊಂದವನು ಸರ್ವರಿನ ಒಳತಿರುಳಾದ ಲಿನಕ್ಸ್ ಕರ್ನಲ್ಲೇ. ಕ್ಲಾಮ್‌ಎವಿ ತನ್ನ ವೈರಸ್ ಸಹಿಗಳನ್ನು, ಅಂದರೆ ಒಂದೊಂದು ವೈರಸ್ಸನ್ನು ಪತ್ತೆ ಮಾಡುವ ಗುರುತುಗಳನ್ನು, ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಆಗ ಅವು 80 ಲಕ್ಷಕ್ಕೂ ಜಾಸ್ತಿ ಇದ್ದವು, ಅದಕ್ಕೇ 1 ಜಿಬಿ ಮೇಲೆ ಬೇಕಿತ್ತು. ಅದು ಗೊತ್ತಿದ್ದೇ 2 ಜಿಬಿ ಸಾಕು ಅಂದುಕೊಂಡಿದ್ದೆ. ಗೊತ್ತಿಲ್ಲದ್ದು ಏನೆಂದರೆ, ಹೊಸ ಸಹಿಗಳು ಬಂದಾಗ ಅದು ಹಳೆಯದನ್ನು ಬಿಡದೆ ಹೊಸದನ್ನು ಪಕ್ಕದಲ್ಲಿ ತುಂಬಿಕೊಳ್ಳುತ್ತದೆ. ಹೊಸದು ತಯಾರಾದ ಮೇಲೆ ಹಳೆಯದನ್ನು ಬಿಡುತ್ತದೆ. ಆ ಸ್ವಲ್ಪ ಹೊತ್ತು ಎರಡರಷ್ಟು ಜಾಗ ಬೇಕು. ಹೊಸ ಮನೆಗೆ ಹೋಗುವವರು ಒಂದು ತಿಂಗಳು ಎರಡೂ ಬಾಡಿಗೆ ಕಟ್ಟುತ್ತಾರಲ್ಲ, ಹಾಗೆ. ಮೆಮೊರಿ ಮುಗಿಯಿತು, ಕರ್ನಲ್ ನೋಡಿತು, ಎಲ್ಲರಿಗಿಂತ ದಪ್ಪಗಿದ್ದವನನ್ನು ಮುಗಿಸಿತು.

ಇಲ್ಲಿ ನಮ್ಮ ಅಮಾವಿಸ್ ನಡೆದುಕೊಂಡ ರೀತಿ ಮೆಚ್ಚಬೇಕು. ಪರೀಕ್ಷೆ ಮಾಡುವವನು ಇಲ್ಲ ಅಂತ ಅದು ಮೇಲನ್ನು ಸುಮ್ಮನೆ ಒಳಗೆ ಬಿಡಲಿಲ್ಲ, ಬಿಸಾಡಲೂ ಇಲ್ಲ. "ಈಗ ಆಗಲ್ಲ, ಆಮೇಲೆ ಬಾ" ಅಂದಿತು. ಪೋಸ್ಟ್‌ಫಿಕ್ಸ್ ಎಲ್ಲವನ್ನೂ ಕ್ಯೂನಲ್ಲಿ ಹಿಡಿದಿಟ್ಟುಕೊಂಡಿತ್ತು. ಅದು 5 ದಿನದವರೆಗೆ ಹಾಗೆ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕ್ಲಾಮ್‌ಎವಿ ಎಬ್ಬಿಸಿದ ಕೂಡಲೇ ಒಂದೂ ಬಿಡದೆ ಎಲ್ಲಾ ಬಂದವು. 2 ಜಿಬಿ ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ, ಸೇರಿಸಿದೆ. ಹೊಸ ಸಹಿ ತುಂಬುವಾಗ ಹಳೆಯದನ್ನು ಮೊದಲು ಬಿಡು ಅಂತ ಒಂದು ಸೆಟ್ಟಿಂಗ್ ಬದಲಿಸಿದೆ. ಆ ಅರ್ಧ ನಿಮಿಷ ಸ್ಕ್ಯಾನ್ ನಿಲ್ಲುತ್ತದೆ, ನಿಲ್ಲಲಿ. ಯಾರ ಗಂಟು ಹೋಗಬೇಕು?

ನಿಜ ಹೇಳಬೇಕೆಂದರೆ ಕ್ಲಾಮ್‌ಎವಿ ಹಿಡಿದದ್ದಕ್ಕಿಂತ ಅಮಾವಿಸ್‌ನ ಫೈಲ್ ಹೆಸರಿನ ನಿಯಮ ಹಿಡಿದದ್ದೇ ಜಾಸ್ತಿ. ಜಿಪ್ ಒಳಗೆ ಇಎಕ್ಸ್‌ಇ, ಜೆಎಸ್, ವಿಬಿಎಸ್ ಇದ್ದರೆ ತಡೆ ಅಂತ ಒಂದು ಪಟ್ಟಿ. ಜಿಪ್ಪಿಗೆ ಪಾಸ್‌ವರ್ಡ್ ಹಾಕಿದ್ದರೂ ಒಳಗಿನ ಫೈಲಿನ ಹೆಸರು ಸಾಮಾನ್ಯವಾಗಿ ಕಾಣುತ್ತದೆ. ಇವತ್ತು ಬೆಳಗ್ಗೆ ಹುಟ್ಟಿದ ವೈರಸ್ಸಿನ ಸಹಿ ಪಟ್ಟಿಗೆ ಬರಲು ಹೊತ್ತು ಬೇಕು. ಆದರೆ ನೋಟಿಸಿನ ಜಿಪ್ ಒಳಗೆ ಇಎಕ್ಸ್‌ಇ ಇರಬಾರದು ಅನ್ನಲು ಸಹಿ ಯಾಕೆ ಬೇಕು? ಇದಕ್ಕೆ ಮೊದಲು ಬಲಿಯಾದವರು ಮಾತ್ರ ನಮ್ಮ ಒಬ್ಬ ಗಿರಾಕಿ. "ನಿಮ್ಮಲ್ಲಿ ಫಾಂಟ್ ಇಲ್ಲಾಂದ್ರ ಇದನ್ನ ಹಾಕ್ಕೋರಿ" ಅಂತ ಕರಪತ್ರದ ಜೊತೆಗೆ ನುಡಿ ತಂತ್ರಾಂಶದ ಸೆಟಪ್ ಫೈಲನ್ನೇ ಕಳಿಸಿದ್ದರು. ಪ್ರಿಂಟಿಂಗ್ ಪ್ರೆಸ್ಸಿಗೆ!

ತಡೆದದ್ದನ್ನು ಏನು ಮಾಡಬೇಕು ಅನ್ನುವುದು ಬೇರೆಯದೇ ಪ್ರಶ್ನೆ. ಮೊದಲು ನನಗೆ ಕಳಿಸಿದವರಿಗೆ ವಾಪಸ್ ಹೇಳುವುದು ಮರ್ಯಾದೆ ಅನ್ನಿಸಿತ್ತು. ಆದರೆ ಸ್ಪ್ಯಾಮಿನಲ್ಲಿ ಕಳಿಸಿದವರ ವಿಳಾಸ ಬಹುತೇಕ ಸುಳ್ಳು. ನಾವು ವಾಪಸ್ ಕಳಿಸಿದರೆ ಅದು ಯಾವುದೋ ಪಾಪದವರ ಮನೆಗೆ ಹೋಗುತ್ತದೆ. ಆಗ ನಾವೇ ಸ್ಪ್ಯಾಮ್ ಹಂಚಿದ ಹಾಗೆ. ಒಮ್ಮೆ ಕಪ್ಪುಪಟ್ಟಿ ಸೇರಿದವನಿಗೆ ಆ ಭಯ ಬೇರೆ. ಹಾಗಾಗಿ ವಾಪಸ್ ಬೇಡ, ಅಂಕ 6.31 ದಾಟಿದರೆ ಸೀದಾ ಬಿಸಾಡು ಅಂತ ಹಾಕಿದೆ.

ಇದೇ ನನ್ನ ದೊಡ್ಡ ತಪ್ಪು.

ಏಪ್ರಿಲ್ ಕೊನೆ. ಲಗ್ನದ ಸೀಸನ್. ನವಲಗುಂದದ ಕಡೆಯ ಒಬ್ಬ ಹಿರಿಯರು ಫೋನ್ ಮಾಡಿದರು. "ಪತ್ರಿಕಿ ತಯಾರಾದವೇನ್ರಿ?" ಯಾವ ಪತ್ರಿಕೆ? "ಮೇಲ್ ಕಳಿಸೇನಲ್ರಿ ಎಂಟ್ ದಿವಸಾತು." ನಾವು ಬಂದಿಲ್ಲ ಅಂದೆವು, ಅವರು ಕಳಿಸೇನಿ ಅಂದರು. ಲಗ್ನಕ್ಕೆ ಹನ್ನೊಂದು ದಿನ ಉಳಿದಿತ್ತು. ಲಾಗ್ ತೆರೆದು ನೋಡಿದೆ. ಮೇಲ್ ಬಂದಿತ್ತು. 7.2 ಅಂಕ. ಬಿಸಾಡಲಾಗಿತ್ತು. ಅವರಿಗೂ ಗೊತ್ತಾಗಿರಲಿಲ್ಲ, ನಮಗೂ ಗೊತ್ತಾಗಿರಲಿಲ್ಲ.

ಆ ಪತ್ರಿಕೆಯನ್ನು ಒಂದೇ ರಾತ್ರಿಯಲ್ಲಿ ಮಾಡಿ, ಮರುದಿನ ಬಸ್ಸಿಗೆ ಹಾಕಿ ಕಳಿಸಿದೆವು. ಲಾಗ್‌ನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದೆ. ಅಂಥವು ಇನ್ನೂ ಆರು ಸಿಕ್ಕವು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಇಬ್ಬರು ಆಗಲೇ ಬೇರೆ ಪ್ರೆಸ್ಸಿಗೆ ಹೋಗಿದ್ದರು.

ಯಾಕೆ ಹೀಗಾಯಿತು? ನಮ್ಮ ಗಿರಾಕಿಗಳು ಮೇಲ್ ಕಳಿಸುವ ರೀತಿ ನೋಡಿ. ಸೈಬರ್ ಅಂಗಡಿಯಿಂದ ಕಳಿಸುತ್ತಾರೆ. ಸಬ್ಜೆಕ್ಟ್ ಇರುವುದಿಲ್ಲ. ಒಳಗೆ ಒಂದು ಅಕ್ಷರ ಇರುವುದಿಲ್ಲ, ಒಂದು ಫೈಲು ಅಷ್ಟೇ. ಇಲ್ಲದಿದ್ದರೆ ಸಬ್ಜೆಕ್ಟ್ ಪೂರ್ತಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ "ಅರ್ಜೆಂಟ್". ವಿಳಾಸದ ಕೊನೆಗೆ ಹುಟ್ಟಿದ ವರ್ಷವೋ ಲಕ್ಕಿ ನಂಬರೋ. ಸ್ಪ್ಯಾಮ್‌ಅಸಾಸಿನ್ ಕೆಲಸ ಮಾಡುವುದೇ ಇಂಥವನ್ನು ಕೂಡಿಸಿ. ಸಬ್ಜೆಕ್ಟ್ ಇಲ್ಲ, ಅಷ್ಟು ಅಂಕ. ಒಡಲು ಖಾಲಿ, ಅಷ್ಟು ಅಂಕ. ಉಚಿತ ಮೇಲ್, ಕೊನೆಗೆ ಅಂಕಿ, ಇನ್ನಷ್ಟು. ಒಂದೊಂದೂ ಚಿಲ್ಲರೆ, ಕೂಡಿಸಿದರೆ ಶಿಕ್ಷೆ.

ಇನ್ನು ಕೆಲವರು ವಿಷಯವನ್ನು ನುಡಿಯಲ್ಲಿ ಟೈಪ್ ಮಾಡಿ ಹಾಗೇ ಮೇಲಿನ ಒಳಗೆ ಅಂಟಿಸುತ್ತಾರೆ. ಯೂನಿಕೋಡ್ ಅಲ್ಲ, ಹಳೆಯ ಫಾಂಟು. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕೆ, ಬಾಲ. 'ನ' ಅಂತ ಬರೆದ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಗುರುತು ಬರುತ್ತದೆ. 'ಕನ್ನಡ' ಅನ್ನುವ ಪದದ ಹೊಟ್ಟೆಯಲ್ಲೇ ಒಂದು ಪೌಂಡ್ ಇದೆ. ಹುಬ್ಬಳ್ಳಿ ನೋಡದ ಒಂದು ಯಂತ್ರಕ್ಕೆ, ಸಬ್ಜೆಕ್ಟ್ ಇಲ್ಲದೆ, ಸಾಲಿಗೆ ನಾಲ್ಕು ಪೌಂಡ್ ಇಟ್ಟುಕೊಂಡು ಬಂದ ಲಗ್ನಪತ್ರಿಕೆ ಲಾಟರಿ ಮೇಲಿನ ಹಾಗೆ ಕಂಡರೆ ತಪ್ಪು ಯಾರದು?

ಅವತ್ತೇ ಎರಡು ಬದಲಾವಣೆ ಮಾಡಿದೆ. 6.31 ದಾಟಿದ್ದು ಜಂಕ್ ಫೋಲ್ಡರಿಗೆ ಹೋಗಲಿ. 12 ದಾಟಿದ್ದು ಕ್ವಾರಂಟೈನಿಗೆ, ನಾನು ನೋಡುತ್ತೇನೆ. ಬಿಸಾಡುವುದು ಯಾವುದನ್ನೂ ಇಲ್ಲ.

ಆಮೇಲೆ ಸ್ಪ್ಯಾಮ್‌ಅಸಾಸಿನ್ ಒಳಗಿರುವ ಬೇಯ್ಸ್ ಅನ್ನುವ ಭಾಗಕ್ಕೆ ಕಲಿಸಲು ಕೂತೆ. 18ನೇ ಶತಮಾನದ ಥಾಮಸ್ ಬೇಯ್ಸ್ ಅನ್ನುವ ಇಂಗ್ಲಿಷ್ ಪಾದ್ರಿಯ ಲೆಕ್ಕ ಇದು. ಯಾವ ತುಣುಕು ಸ್ಪ್ಯಾಮಿನಲ್ಲಿ ಎಷ್ಟು ಸಲ ಬಂತು, ಒಳ್ಳೆಯ ಮೇಲಿನಲ್ಲಿ ಎಷ್ಟು ಸಲ ಬಂತು ಅಂತ ಎಣಿಸುವುದು, ಅದರಿಂದ ಹೊಸ ಮೇಲಿನ ಬಗ್ಗೆ ಅಂದಾಜು ಮಾಡುವುದು. 200 ಸ್ಪ್ಯಾಮ್ ಮತ್ತು 200 ಒಳ್ಳೆಯ ಮೇಲ್ ಕಲಿಯುವವರೆಗೆ ಅದು ಬಾಯಿಯೇ ಬಿಡುವುದಿಲ್ಲ. ಹಳೆಯ ಮೇಲ್‌ಬಾಕ್ಸುಗಳಿಂದ ಎರಡನ್ನೂ ಆರಿಸಲು ಮೂರು ಸಂಜೆ ಹಿಡಿಯಿತು. ಕಲಿಸಿದೆ. ಒಂದು ವಾರ ಕಾದೆ. ಯಾವ ಮೇಲಿನ ಅಂಕಪಟ್ಟಿಯಲ್ಲೂ ಬೇಯ್ಸ್ ಹೆಸರಿಲ್ಲ.

ನಾನು ರೂಟ್ ಆಗಿ, ಅಂದರೆ ಸರ್ವರಿನ ಯಜಮಾನನ ಖಾತೆಯಲ್ಲಿ, ಲಾಗಿನ್ ಆಗಿ ಕಲಿಸಿದ್ದೆ. ಅದು ರೂಟ್‌ನ ಮನೆಯಲ್ಲಿ ಒಂದು ಡೇಟಾಬೇಸ್ ಮಾಡಿಕೊಂಡು ಜಾಣನಾಗಿತ್ತು. ಮೇಲ್ ನೋಡುವುದು ಅಮಾವಿಸ್ ಅನ್ನುವ ಬೇರೆ ಬಳಕೆದಾರ. ಅವನ ಮನೆಯ ಡೇಟಾಬೇಸ್ ಪೂರ್ತಿ ಖಾಲಿ, ಎರಡು ಕಡೆಯೂ ಸೊನ್ನೆ. ಒಬ್ಬನಿಗೆ ಪಾಠ ಹೇಳಿ ಇನ್ನೊಬ್ಬನನ್ನು ಪರೀಕ್ಷೆಗೆ ಕೂರಿಸಿದ ಹಾಗೆ. ಅಮಾವಿಸ್ ಆಗಿ ಮತ್ತೆ ಕಲಿಸಿದೆ, ಹತ್ತು ನಿಮಿಷದ ಕೆಲಸ.

ಇಲ್ಲಿಂದ ಮುಂದೆ ನಡೆದದ್ದು ನನಗೆ ಬಹಳ ಖುಷಿ ಕೊಟ್ಟಿತು. ಬೇಯ್ಸ್‌ಗೆ ಕನ್ನಡ ಬರುವುದಿಲ್ಲ. ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ಎಲ್ಲವೂ ತುಣುಕು, ಎಣಿಕೆ. ನುಡಿಯ ಆ ವಿಚಿತ್ರ ಅಕ್ಷರಗಳು ನಮಗೆ ಕಸದ ಹಾಗೆ ಕಾಣುತ್ತವೆ. ಆದರೆ 'ಶ್ರೀ' ಅನ್ನುವುದು ಪ್ರತಿ ಲಗ್ನಪತ್ರಿಕೆಯಲ್ಲೂ ಅದೇ ಮೂರು ವಿಕಾರ ಅಕ್ಷರವಾಗಿಯೇ ಬರುತ್ತದೆ. ಊರೂರಿನ ಸ್ಪ್ಯಾಮ್ ಕಳಿಸುವವರಿಗೆ ಆ ಮೂರು ಅಕ್ಷರ ಗೊತ್ತೇ ಇಲ್ಲ. ಹಾಗಾಗಿ ಯಾವುದು ಅನುಮಾನಕ್ಕೆ ಕಾರಣ ಅಂತ ನಾನು ಹೆದರಿದ್ದೆನೋ ಅದೇ ಒಳ್ಳೆಯತನದ ಗುರುತಾಯಿತು. ನುಡಿಯಲ್ಲಿ ಬಂದ ಮೇಲುಗಳಿಗೆ ಬೇಯ್ಸ್ ಸೊನ್ನೆ ಅನುಮಾನ ಅಂತ ಹೇಳಿ 1.9 ಅಂಕ ಕಳೆಯತೊಡಗಿತು.

ನಡುವೆ ಗ್ರೇಲಿಸ್ಟಿಂಗ್ ಕೂಡ ಹಾಕಿದ್ದೆ. ಗೊತ್ತಿಲ್ಲದವರಿಗೆ "5 ನಿಮಿಷ ಬಿಟ್ಟು ಬಾ" ಅನ್ನುವುದು ಅದರ ಕೆಲಸ. ಬ್ಯಾಂಕಿನ ಒಟಿಪಿ ಹಳಸಿದ ಮೇಲೆ ಬರತೊಡಗಿತು. ಲೆಕ್ಕದವರು ಎರಡೇ ದಿನ ತಾಳಿಕೊಂಡರು, ಮೂರನೇ ದಿನ ನಾನೇ ತೆಗೆದೆ. ನಮ್ಮ ಕಡೆಯಿಂದ ಹೋಗುವ ಮೇಲುಗಳನ್ನೂ ಈಗ ಫಿಲ್ಟರ್ ಮೂಲಕವೇ ಬಿಡುತ್ತೇನೆ. ಗಂಟೆಗೆ ಇಷ್ಟೇ ಅಂತ ಮಿತಿಯೂ ಇದೆ.

ಈಗ ದಿನ ಬೆಳಗ್ಗೆ ಒಂಬತ್ತಕ್ಕೆ ಚಹಾದ ಜೊತೆ ಕ್ವಾರಂಟೈನ್ ನೋಡುತ್ತೇನೆ. ಹತ್ತು ನಿಮಿಷ. ಜಂಕ್ ಫೋಲ್ಡರಿಗೆ ಎಳೆದು ಹಾಕಿದರೆ ಸ್ಪ್ಯಾಮ್ ಅಂತ ಕಲಿಯುವ, ಅಲ್ಲಿಂದ ಆಚೆ ಎಳೆದರೆ ಒಳ್ಳೆಯದು ಅಂತ ಕಲಿಯುವ ವ್ಯವಸ್ಥೆಯನ್ನು ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಸಾಫ್ಟ್‌ವೇರಿನಲ್ಲಿ ಮಾಡಿಟ್ಟಿದ್ದೇನೆ. ಎಳೆಯುವವರು ಒಂಬತ್ತರಲ್ಲಿ ಮೂವರು ಮಾತ್ರ.

ಹೋದ ವಾರ ಮಾಲೀಕರು ಊರಿಂದ ತಮ್ಮ ಸ್ವಂತ ವಿಳಾಸದಿಂದ ನನಗೊಂದು ಮೇಲ್ ಹಾಕಿದ್ದರು. ಸಬ್ಜೆಕ್ಟ್ ಇಲ್ಲ. ಒಳಗೆ ಏನೂ ಇಲ್ಲ. ಮೊಮ್ಮಗಳ ನಾಮಕರಣದ ಪತ್ರಿಕೆಗೆ ಒಂದು ಫೋಟೋ, ಅಡ್ಡಡ್ಡ ತಿರುಗಿದ್ದು. ಅಂಕ ನೋಡಿದೆ. 6.1.